ಸೂರಿನ ಲೋಟ

ತಾಂಡವಪುರದ ಹತ್ತಿರ ರಸ್ತೆ ಬದಿಗೆ ಹೊಸದೊಂದು ಹೋಟೆಲಾಗಿದೆ. ಒಳಗೆಲ್ಲ ಹಳೇ ಸಾಮಾನಿನ ಅಲಂಕಾರ... ಲಾಟೀನು, ಒನಕೆ, ರೇಡಿಯೋ. ಮೊನ್ನೆ ಮಗಳ ಸಂಸಾರದ ಜೊತೆ ಹೋದಾಗ, ಅಂದಕ್ಕೆಂದು ಇಳಿಬಿಟ್ಟ ಹಂಚಿನ ಸೂರಿನಲ್ಲಿ ನೆಗ್ಗಿದ ಅಲ್ಯೂಮಿನಿಯಂ ಲೋಟವೊಂದನ್ನು ಸಿಕ್ಕಿಸಿದ್ದು ಕಂಡಿತು. ಹೆಡ್‌ಕ್ಲರ್ಕ್ ಸಾಹೇಬರು ನೆನಪಾದರು. ಕಾಫಿ ಸೇರಲಿಲ್ಲ.

ಆಗ ನಂಜನಗೂಡಿನಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದ ಪಾಸಿನವರು ನಾವು. ನಾನು ಪಾಠ ಮಾಡಲು ಶಾಲೆಗೆ, ಅವರು ಕಚೇರಿಗೆ, ಜೊತೆಗೊಬ್ಬ ಬ್ಯಾಂಕಿನವನು. ದಾರಿಯುದ್ದಕ್ಕೂ ಒಂದು ಆಟ. ಹಿಂದೆ ನಮ್ಮ ದೇಶದಲ್ಲಿ ಜನ ಹೇಗೆ ಬದುಕಿದ್ದರು ಅನ್ನುವುದರ ಮೇಲೆ ಒಬ್ಬರು ಪ್ರಶ್ನೆ ಹಾಕಬೇಕು, ಉಳಿದವರು ಊಹಿಸಬೇಕು. ರೇಡಿಯೋ ಲೈಸೆನ್ಸಿನ ದುಡ್ಡು ಎಲ್ಲಿ ಕಟ್ಟುತ್ತಿದ್ದರು? ಟ್ರಂಕ್ ಕಾಲ್ ಅಂದರೇನು? ಗೆದ್ದವರಿಗೆ ಮಾರನೇ ದಿನ ಕಿಟಕಿ ಪಕ್ಕದ ಸೀಟು. ಯಾರಿಗೂ ಉತ್ತರ ಬರದಿದ್ದರೆ ಪ್ರಶ್ನೆ ಕೇಳಿದವರದೇ ಗೆಲುವು. ಸಾಹೇಬರು ಆ ಸೀಟು ಬಿಟ್ಟುಕೊಟ್ಟಿದ್ದನ್ನೇ ನಾನು ಕಂಡಿರಲಿಲ್ಲ. ಗೆದ್ದಾಗ ಮಗುವಿನಂತೆ ನಗುತ್ತಿದ್ದರು.

ಒಂದು ದಿನ ಬ್ಯಾಂಕಿನವನು ಕೇಳಿದ, "ನಮ್ ತಾತನ ಹೋಟ್ಲಲ್ಲಿ ಒಳಗೆ ಬೇಕಾದಷ್ಟು ಲೋಟ ಇದ್ರೂ ಆಚೆ ಸೂರಲ್ಲಿ ಒಂದು ಸಿಗಿಸಿರೋರು. ಯಾಕೆ, ಹೇಳ್ರಪ್ಪ ನೋಡೋಣ?"

ನಾನು ಭಿಕ್ಷುಕರಿಗೆ ಎಂದೆ. ಸಾಹೇಬರು ಕಿಟಕಿಯ ಕಡೆ ತಿರುಗಿ, ಗೊತ್ತಿಲ್ಲ ಎಂದರು.

"ಕಾಗೆಗೆ ನೀರಿಡೋಕೆ ಸಾ! ನಮ್ಮಮ್ಮನೇ ಹೇಳಿದ್ದು," ಅಂದ ಅವನು ಖುಷಿಯಲ್ಲಿ. ಕುಹಕವಲ್ಲ, ಪಾಪ, ಹಾಗೆಂದೇ ನಂಬಿದ್ದ. ಸಾಹೇಬರು ಆಗಲೇ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಉಳಿದ ದಾರಿ ನಿಂತೇ ಬಂದರು.

ಮೈಸೂರಿನಲ್ಲಿ ಇಳಿದ ಮೇಲೆ ನಾನು ಕೆದಕಿದೆ. ಅವರು ನರಸೀಪುರದ ಕಡೆಯವರು, ಊರಾಚೆಯ ಕೇರಿಯಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡಿದ್ದರು.

"ಗೊತ್ತಿತ್ತು ಕಣಮ್ಮ. ಅದು ನಮ್ಮೋರ್ಗೆ ಇಟ್ಟಿದ್ ಲೋಟ. ನಮ್ಮಪ್ಪ ಆಚೆ ನಿಂತು ಅದ್ರಲ್ಲೇ ಟೀ ಕುಡ್ದು, ತೊಳ್ದು, ಮತ್ತೆ ಸೂರ್ಗೆ ಸಿಗಿಸ್ ಬರೋನು. ನಾನೂ ಕುಡ್ದಿವ್ನಿ. ನಿಜ ಏಳಿದ್ರೆ ಆಟ ನಿಂತೋಗ್ತಿತ್ತು..."

ಆಮೇಲೂ ಅವರು ಬರುತ್ತಿದ್ದರು, ಆಡುತ್ತಿದ್ದರು. ಬ್ಯಾಂಕಿನವನು ಪ್ರಶ್ನೆಗೆ ಬಾಯಿ ತೆರೆದಾಗಲೆಲ್ಲ ಅವರ ಕೈ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅದು ಅವನಿಗೆ ಕಾಣಲೇ ಇಲ್ಲ... ರಿಟೈರಾದರು, ಈಚೆಗೆ ತೀರಿಕೊಂಡರು. ಸುದ್ದಿ ನನಗೆ ತಿಂಗಳ ಮೇಲೆ ತಿಳಿಯಿತು. ಅಂಥ ಮನುಷ್ಯನ ಮುಖವನ್ನು ಕೊನೆಗೊಮ್ಮೆ ನೋಡಲಿಲ್ಲವಲ್ಲ ಎಂದು ಈಗಲೂ ಕೊರಗುತ್ತೇನೆ.

ಮೊನ್ನೆ ಆ ಹೋಟೆಲಿನಲ್ಲಿ ಮಗಳು, ಅಳಿಯ, ಮೊಮ್ಮಗ ಒಂದೊಂದೇ ಸಾಮಾನು ತೋರಿಸುತ್ತ ಇದೇನು, ಅದೇನು ಎಂದು ಆಟ ಹೂಡಿದ್ದರು. ಮೊಮ್ಮಗ ಸೂರಿನ ಕಡೆ ಬೆರಳು ಮಾಡಿದ.

"ಅಜ್ಜಿ, ಅದು ಕಾಗೆಗೆ ನೀರಿಡೋಕಾ?"

"ಅಲ್ಲ ಕಣೋ," ಎಂದೆ. ಎಲ್ಲವನ್ನೂ ಹೇಳಿದೆ. ಮಗಳು ತಟ್ಟೆ ನೋಡುತ್ತ ಕೂತಳು. ಅಳಿಯ ಬಿಲ್ ತರಲು ಹೇಳಿದ. ಸಾಹೇಬರ ಮಾತು ನಿಜವಾಯಿತು, ಆಟ ನಿಂತುಹೋಯಿತು.

ನಿಲ್ಲಲಿ.