ನನ್ನನ್ನು ಬಲ್ಲವರು ಬೇಕಾಗಿದ್ದಾರೆ

ಎರಡು ತಿಂಗಳ ಹಿಂದೆ ನಮ್ಮ ಯಜಮಾನರು ಒಂದು ಪರೀಕ್ಷೆಯಲ್ಲಿ ಫೇಲಾದರು. ಸಬ್ಜೆಕ್ಟ್ ಯಾವುದು ಅಂತೀರಾ? ನಾನು!

ಈಗಲೇ ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಒಟ್ಟಿಗೆ ನಗೋಣ.

ಪುತ್ತೂರಿನಲ್ಲಿ ಕೆಲವು ಡಾಕ್ಟರುಗಳು ಸೇರಿ ಒಂದು ಅಧ್ಯಯನ ನಡೆಸುತ್ತಿದ್ದಾರೆ. ಐವತ್ತು ದಾಟಿದ ಹೆಂಗಸರು ಮತ್ತು ಮರೆವಿನ ಕಾಯಿಲೆಯ ಬಗ್ಗೆ. ಡಿಮೆನ್ಶಿಯಾ ಎನ್ನುತ್ತಾರಲ್ಲ, ಅದು. ಕಾಯಿಲೆ ಬಂದವರನ್ನು ನೋಡುವುದಲ್ಲ, ಇನ್ನೂ ಬಾರದವರನ್ನು ನೋಡುವುದು. ವರ್ಷಕ್ಕೊಮ್ಮೆ ಕರೆಯುತ್ತಾರೆ. ಬಿಪಿ ಎಷ್ಟು, ಶುಗರ್ ಎಷ್ಟು, ನಿದ್ದೆ ಬರುತ್ತದಾ, ಬೇಸರ ಬರುತ್ತದಾ, ಮುಟ್ಟು ನಿಂತದ್ದು ಯಾವಾಗ, ಶಾಲೆಗೆ ಹೋದದ್ದು ಎಲ್ಲಿಯವರೆಗೆ, ಎಲ್ಲವನ್ನೂ ಕೇಳುತ್ತಾರೆ. ಹೀಗೆ ವರ್ಷಗಟ್ಟಲೆ ಕೇಳುತ್ತಾ ಹೋಗಿ, ಕೊನೆಗೊಂದು ದಿನ ಹಿಂತಿರುಗಿ ನೋಡುತ್ತಾರೆ. ಯಾರಿಗೆ ಮರೆವು ಬಂತು? ಯಾರಿಗೆ ಬರಲಿಲ್ಲ? ಯಾಕೆ? (ಒಂಥರಾ ಉಪ್ಪಿನಕಾಯಿ ಹಾಕಿಟ್ಟ ಹಾಗೆ. ಭರಣಿಯ ಒಳಗಿರುವುದು ನಾವು.)

ನಾನು ಸೇರಿದ್ದಕ್ಕೆ ಕಾರಣ ನನ್ನ ಅಮ್ಮ. ನಾನು ಆಲಂಕಾರಿನಲ್ಲಿ ಟೀಚರಾಗಿದ್ದವಳು. ಅಮ್ಮ ಇದ್ದದ್ದು ಕೆದಂಬಾಡಿಯಲ್ಲಿ. ಕೊನೆಯ ವರ್ಷಗಳಲ್ಲಿ ಅವರಿಗೆ ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ, ಟೀಚರೆಂಬುದು ಮಾತ್ರ ಗೊತ್ತಾಗುತ್ತಿತ್ತು. ಹೋದರೆ ಸೆರಗು ಸರಿಮಾಡಿಕೊಂಡು, "ಬನ್ನಿ ಟೀಚರ್, ಕೂತುಕೊಳ್ಳಿ. ಮಗಳು ಈಗ ಬರ್ತಾಳೆ" ಎನ್ನುತ್ತಿದ್ದರು. ನಾನು ಅಲ್ಲೇ ಕೂತು ನನ್ನನ್ನೇ ಕಾಯುತ್ತಿದ್ದೆ.

ಇದು ಶುರುವಾದದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ, ತುಂಬಿದ ಮನೆಯಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಅಮ್ಮನ ಕೈಯಿಂದ ಹೊತ್ತು ಹೊತ್ತಿಗೆ ಎಲ್ಲರಿಗೂ ಊಟ ಬಡಿಸಿಯಾಗುತ್ತಿತ್ತು. ಮತ್ತೆ ಗಮನಿಸುವುದು ಏನನ್ನು?

ಇರಲಿ. ಅಧ್ಯಯನಕ್ಕೆ ಒಂದು ನಿಯಮ ಉಂಟು. ನಮ್ಮ ಜೊತೆ, ನಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಕರೆದೊಯ್ಯಬೇಕು. ನಾವು ಬದಲಾಗಿದ್ದೇವೋ ಇಲ್ಲವೋ ಎಂದು ಅವರು ಹೇಳಬೇಕು. ನಮ್ಮಲ್ಲಾದ ಬದಲಾವಣೆ ನಮಗೇ ಕಾಣುವುದಿಲ್ಲವಂತೆ. ನನಗೆ ಯೋಚಿಸುವುದೇನಿತ್ತು? ಬ್ಯಾಂಕಿನಿಂದ ರಿಟೈರಾಗಿ ದರ್ಬೆಯ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದ ಗಂಡನನ್ನು ಎಬ್ಬಿಸಿ ಕರೆದುಕೊಂಡು ಹೋದೆ.

ಮೊದಲು ನನ್ನ ಪರೀಕ್ಷೆ. ಮಾಡಿದವಳು ಡಾಕ್ಟರ್ ಶ್ರಾವ್ಯ, ಸುಳ್ಯ ಕಡೆಯ ಹುಡುಗಿ. ಮಾತು ಹತ್ತಿಯಷ್ಟು ಮೆತ್ತಗೆ. ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ಅವಳು ಐದು ಪದ ಹೇಳಿದಳು, ನಾನು ಅವನ್ನು ವಾಪಸ್ ಹೇಳಬೇಕು.

"ಕೊಡೆ, ಮಲ್ಲಿಗೆ, ಬೀಜ, ಸೇತುವೆ, ಹಳದಿ" ಎಂದೆ.

"ಬೀಗ" ಎಂದಳು ಶ್ರಾವ್ಯ.

"ಅದೇ ನಾನೂ ಹೇಳಿದ್ದು. ಬೀಜ."

ಅವಳು ಏನೋ ಗುರುತು ಹಾಕಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಾಗಲೂ ಐದನ್ನೂ ಪಟಪಟನೆ ಒಪ್ಪಿಸಿದೆ, ಬೀಜ ಸಮೇತ. ಫುಲ್ ಮಾರ್ಕ್ಸ್ ಎಂದುಕೊಂಡು ಎದೆಯುಬ್ಬಿಸಿ ಹೊರಗೆ ಬಂದೆ. ಯಜಮಾನರು ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು.

"ಎಂತ ಕೇಳಿದ್ರು?" ಎಂದೆ ಕಾರಿನಲ್ಲಿ.

"ಇವರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ತಾರಾ ಅಂತ ಕೇಳಿದ್ರು. ಮೊದಲಿನ ಹಾಗೇ ಅಂದೆ. ಸಾಮಾನು ಇಟ್ಟ ಜಾಗ ಮರೀತಾರಾ ಅಂದ್ರು. ಇಲ್ಲಪ್ಪ, ನನ್ನ ಕನ್ನಡಕ, ಮಾತ್ರೆ, ಮೊಬೈಲು ಎಲ್ಲ ಹುಡುಕಿ ಕೊಡುದು ಅವಳೇ ಅಂದೆ. ನಿದ್ದೆ ಹೇಗೆ ಅಂದ್ರು. ಒಳ್ಳೆ ನಿದ್ದೆ ಅಂದೆ."

"ನಿಮಗೆ ಹೇಗೆ ಗೊತ್ತು? ನೀವು ಮಲಗಿದ ಮೇಲಲ್ವಾ ನಾನು ಮಲಗುದು?"

"ಎಚ್ಚರ ಇದ್ದರೆ ನೀನು ಎಬ್ಬಿಸ್ತಿದ್ದಿ" ಎಂದರು. (ವಾದದಲ್ಲಿ ಸತ್ಯ ಇಲ್ಲದಿಲ್ಲ.)

ಮರುದಿನ ಶ್ರಾವ್ಯಳ ಮೆಸೇಜ್ ಬಂತು. 'ಮೇಡಂ, ಸರ್ ಅವರ ಮಾಹಿತಿ ಸಾಕಾಗಲಿಲ್ಲ. ನಿಮ್ಮನ್ನು ಹತ್ತಿರದಿಂದ ಬಲ್ಲ ಬೇರೆ ಯಾರಾದರೂ ಇದ್ದಾರಾ?'

ಅದನ್ನು ಗಂಡನಿಗೆ ತೋರಿಸಿದಾಗ ನನಗೆ ಬಂದ ನಗು! ಅವರು ಮುಖ ಸಣ್ಣ ಮಾಡಿಕೊಂಡು, "ಸಿಲೆಬಸ್ಸಲ್ಲಿ ಇಲ್ಲದ್ದನ್ನು ಕೇಳಿದ್ದು" ಎಂದರು.

ಆದರೆ ನಗು ಮುಗಿದ ಮೇಲೆ ಪ್ರಶ್ನೆ ಹಾಗೇ ಉಳಿಯಿತು. ಬೇರೆ ಯಾರು? ಮಗಳಾ? ಅವಳು ಫೋನ್ ಮಾಡುವುದು ಸಾಂಬಾರಿನ ಅಳತೆ ಕೇಳಲು. ತಮ್ಮನಾ? ಅವನಿಗೆ ನನ್ನ ಹುಟ್ಟಿದ ದಿನವೇ ಗೊತ್ತಿಲ್ಲ. ಕೊನೆಗೆ ಜೋಹರಾಳಿಗೆ ಫೋನ್ ಹಚ್ಚಿದೆ.

ಜೋಹರಾ ಆಲಂಕಾರಿನ ಬಟ್ಟೆ ಅಂಗಡಿಯ ಯಜಮಾನ್ತಿ. ಗಂಡ ಗಲ್ಫಿನಲ್ಲಿದ್ದಷ್ಟೂ ಕಾಲ ಅಂಗಡಿಯನ್ನು ಒಬ್ಬಳೇ ನಡೆಸಿ, ಕಡಬದಲ್ಲೂ ಒಂದು ಬ್ರಾಂಚ್ ತೆರೆದವಳು. ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗ ಅವಳ ಅಂಗಡಿಯ ಸ್ಟೂಲಿನಲ್ಲಿ ಕೂರುತ್ತಿದ್ದೆ. ಬಸ್ಸು ತಡವಾದಷ್ಟೂ ಗೆಳೆತನ ಬೆಳೆಯಿತು. ಮನೆಯಲ್ಲಿ ಅವಳದ್ದು ಬ್ಯಾರಿ, ಗಿರಾಕಿಗಳ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಮೂರರಲ್ಲೂ ದನಿ ಒಂದೇ: ಎದುರಿನ ಅಂಗಡಿಗೂ ಕೇಳಬೇಕು. ನಾನು ರಿಟೈರಾದ ಮೇಲೂ ದಿನಾ ಸಂಜೆ ನಮ್ಮ ಫೋನ್ ನಡೆಯುತ್ತದೆ.

"ನಿನ್ನ ಬಗ್ಗೆ ಹೇಳ್ಲಿಕ್ಕಾ? ಎಷ್ಟು ಗಂಟೆಗೆ ಬರಬೇಕು?" ಎಂದಳು. ಆ ಉತ್ಸಾಹ ಕೇಳಿಯೇ ನಾನು ಹುಷಾರಾಗಬೇಕಿತ್ತು.

ಹೇಳಿದ ದಿನ ಬಂದಳು. ಅವಳನ್ನು ಒಂದು ಪರದೆಯ ಹಿಂದೆ ಕೂರಿಸಿದರು, ನನ್ನನ್ನು ಈಚೆ ಬೆಂಚಿನಲ್ಲಿ. ಶ್ರಾವ್ಯಳ ಪ್ರಶ್ನೆ ಒಂದೂ ಕೇಳುತ್ತಿರಲಿಲ್ಲ. ಜೋಹರಾಳ ಉತ್ತರ ಮಾತ್ರ ನನಗೂ, ಬಿಪಿ ನೋಡಿಸಲು ಸಾಲಿನಲ್ಲಿ ಕೂತಿದ್ದ ಅಷ್ಟೂ ಹೆಂಗಸರಿಗೂ ಕೇಳುತ್ತಿತ್ತು.

"ಹೌದು, ಒಂದೇ ಕತೆ ಹೇಳ್ತಾಳೆ. ಆದ್ರೆ ಅದು ಮೊದಲಿಂದಲೂ ಉಂಟು."

ಪ್ರಶ್ನೆ.

"ಅದು ಕಾಯಿಲೆ ಅಲ್ಲ ಡಾಕ್ಟ್ರೇ, ಸ್ವಭಾವ."

ಪ್ರಶ್ನೆ.

"ಇಲ್ಲ ಇಲ್ಲ, ಅಡುಗೆ ಯಾವಾಗಲೂ ಹಾಗೇ."

ಬೆಂಚಿನ ಹೆಂಗಸರು ನನ್ನ ಕಡೆ ನೋಡುತ್ತಿಲ್ಲವೆಂದು ತೋರಿಸಿಕೊಳ್ಳಲು ಸೀಲಿಂಗ್ ನೋಡುತ್ತಿದ್ದರು. ಒಬ್ಬರ ಹೊಟ್ಟೆ ಕುಲುಕುತ್ತಿತ್ತು. ನನಗೆ ನಾಚಿಕೆಯೂ ಆಯಿತು, ತಡೆಯಲಾಗದಷ್ಟು ನಗುವೂ ಬಂತು.

ಆಮೇಲೆ ಇದ್ದಕ್ಕಿದ್ದಂತೆ ಪರದೆಯ ಹಿಂದೆ ಸದ್ದಿಲ್ಲ.

ಜೋಹರಾ ಮಾತು ನಿಲ್ಲಿಸಿರಲಿಲ್ಲ. ಅವಳ ಕೈ ಆಡುವುದು ಪರದೆಯ ಸಂದಿಯಿಂದ ಕಾಣುತ್ತಿತ್ತು. ದನಿ ತಗ್ಗಿಸಿದ್ದಳು. ನಮ್ಮ ಗೆಳೆತನದಲ್ಲಿ ಅವಳು ದನಿ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುತ್ತಿಗೆ ಚಾಚಿದೆ, ಏನೂ ಕೇಳಲಿಲ್ಲ. ಇಷ್ಟು ಮೆತ್ತಗೆ ಹೇಳುವಂಥದ್ದು ಏನಿದೆ ನನ್ನ ಬಗ್ಗೆ? ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು.

ಶ್ರಾವ್ಯ ನನ್ನನ್ನು ಒಳಗೆ ಕರೆದಳು. ಜೋಹರಾ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಎಂತ ಹೇಳಿದ್ದು ನೀನು?" ಎಂದೆ.

"ಇದ್ದದ್ದು ಹೇಳಿದ್ದು." ಅವಳ ದನಿ ಮತ್ತೆ ಅಂಗಡಿಯ ದನಿಯಾಯಿತು. "ನನಗೆ ಸೊಂಟ ಹಿಡಿದಿದೆ ಅಂತ ಫೋನಲ್ಲಿ ಹೇಳಿದ್ರೆ ನೀನು 'ಒಳ್ಳೇದಾಯ್ತು ಬಿಡು' ಅಂತಿ. ಅಕ್ಕನ ಆಪರೇಷನ್ ಅಂದ್ರೆ 'ನಂಗೂ ಒಂದು ಕಟ್ಟಿಡು' ಅಂತಿ. ನನ್ನ ಮಗಳ ಮದುವೆಯಲ್ಲಿ ಅಷ್ಟು ಜನ ಮಾತಾಡುವಾಗ ಮೂಲೆಯಲ್ಲಿ ಸುಮ್ಮನೆ ಕೂತಿದ್ದಿ. ಆಮೇಲೆ ಯಾವ ಫಂಕ್ಷನ್ನಿಗೂ ಬರ್ಲಿಲ್ಲ, ಕಾಲು ನೋವು ಅಂತಿ. ಕಾಲು ನೋವಿದ್ದವಳು ಮೂರು ಮಾಳಿಗೆ ಹತ್ತಿ ಸೀರೆ ತರ್ತಾಳಾ? ನಿನ್ನ ಅಮ್ಮನ ಹಾಗೇ ಶುರುವಾಯ್ತಾ ಅಂತ ನಾನು ಹೆದರಿ ಸತ್ತಿದ್ದೇನೆ ಮಾರಾಯ್ತಿ! ನಿನ್ನತ್ರ ಕೇಳುದು ಹೇಗೆ?"

ಅವಳ ಪಕ್ಕದಲ್ಲಿ ಕೂತೆ. ಅಷ್ಟು ದಿನ ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಸಂಜೆ ಫೋನ್ ಮಾಡಿ ನಗುತ್ತಿದ್ದಳೇ?

"ಮೇಡಂ," ಶ್ರಾವ್ಯ ಕುರ್ಚಿ ಹತ್ತಿರ ಎಳೆದುಕೊಂಡು, ಈ ಸಲ ದನಿಯೆತ್ತಿ ಹೇಳಿದಳು, "ನೆನಪಿನ ಪರೀಕ್ಷೆಯಲ್ಲಿ ನಿಮಗೆ ತೊಂದರೆ ಏನೂ ಕಾಣ್ಲಿಲ್ಲ. ನೀವು ಕೇಳಿಸಿಕೊಂಡದ್ದನ್ನು ಒಂದೂ ಮರೀಲಿಲ್ಲ. ಆದ್ರೆ ಬೀಗ ಅಂದದ್ದು ನಿಮಗೆ ಬೀಜ ಅಂತ ಕೇಳಿದೆ. ನನಗೆ ಆವತ್ತೇ ಡೌಟ್ ಇತ್ತು. ಇವರು ಹೇಳಿದ ಮೇಲೆ ಜಾಸ್ತಿಯಾಯ್ತು. ಒಮ್ಮೆ ಕಿವಿ ಟೆಸ್ಟ್ ಮಾಡುವನಾ?"

ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಾನು ಕಾದೆ, ಕಾದೆ. ಮೆಷಿನ್ ಹಾಳಾಗಿದೆ ಎಂದುಕೊಂಡೆ. ಮೆಷಿನ್ ಸರಿಯಾಗಿಯೇ ಇತ್ತು!

ರಿಸಲ್ಟ್ ನೋಡಿ ಜೋಹರಾ ಕೇಳಿದ ಮೊದಲ ಪ್ರಶ್ನೆ: "ಹಾಗಾದ್ರೆ ಇವಳಿಗೆ ಮರೆವು ಇಲ್ಲ?"

"ಈಗ ಇಲ್ಲ."

"ಬರೀ ಕಿವುಡು?"

"ಹೌದು, ಎರಡೂ ಕಿವಿ ಮಂದ."

"ಯಾ ಅಲ್ಲಾಹ್, ಎಂಥ ಒಳ್ಳೆ ಸುದ್ದಿ!" ಎಂದು ಅವಳು ನನ್ನನ್ನು ಅಪ್ಪಿಕೊಂಡಳು. ಕಿವುಡಿಯಾದದ್ದಕ್ಕೆ ಇಷ್ಟು ಸಂಭ್ರಮಪಟ್ಟವರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ನಾನು ನಕ್ಕೆ. ಶ್ರಾವ್ಯ ನಕ್ಕಳು. ಪರದೆಯಾಚೆಯ ಬೆಂಚೂ ನಕ್ಕಿತು. ನಕ್ಕು ನಕ್ಕು ಮೂವರ ಕಣ್ಣಲ್ಲೂ ನೀರು. ನನ್ನದು ಪೂರ್ತಿ ನಗುವಿನದ್ದಲ್ಲ ಎಂದು ಜೋಹರಾಳಿಗೆ ಗೊತ್ತಿತ್ತು, ಕೈ ಬಿಡಲಿಲ್ಲ.

ಶ್ರಾವ್ಯ ಹೇಳಿದ್ದು ಇಷ್ಟು. ಕಿವಿ ಮಂದವಾಗುವುದು ಮುಂದೆ ಮರೆವಿನ ಕಾಯಿಲೆಯ ಸಾಧ್ಯತೆ ಹೆಚ್ಚಿಸುವ ಸಂಗತಿಗಳಲ್ಲಿ ಒಂದು. ಬಿಪಿ, ಶುಗರ್, ಒಂಟಿತನ ಎಲ್ಲ ಅದೇ ಸಾಲಿನವು. ಹಾಗೆಂದು ಕಿವಿ ಮಂದವಾದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ. ಆದರೆ ಕೇಳದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಜನರನ್ನು ಬಿಡುತ್ತಾರೆ, ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. ವಯಸ್ಸನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ಕಿವಿಗೆ ಮೆಷಿನ್ ಇಡಲು ಆಗುತ್ತದೆ.

"ಹೆಂಗಸರನ್ನೇ ಯಾಕೆ ನೋಡುದು ನೀವು?" ಎಂದು ಜೋಹರಾ ಕೇಳಿದಳು.

"ಹೆಂಗಸರಲ್ಲೇ ಇದು ಹೆಚ್ಚು ಕಾಣುದು. ಹೆಚ್ಚು ವರ್ಷ ಬದುಕ್ತಾರೆ, ಅದೊಂದು ಕಾರಣ. ಅದೊಂದೇ ಅಲ್ಲ ಅಂತ ಅನುಮಾನ ಉಂಟು. ಗೊತ್ತಾಗ್ಲಿಕ್ಕೆ ವರ್ಷಗಟ್ಟಲೆ ಕಾಯಬೇಕು. ಉತ್ತರ ಸಿಗುವಾಗ ನಾನೇ ನಿಮ್ಮ ವಯಸ್ಸಿಗೆ ಬಂದಿರ್ತೇನೋ ಏನೋ."

ಆ ಕ್ಷಣದಲ್ಲೇ ಜೋಹರಾ ತಾನೂ ಸೇರುತ್ತೇನೆ ಎಂದಳು. ಮುಂದಿನ ವಾರ ಅವಳ ಪರೀಕ್ಷೆ, ಅವಳನ್ನು ಬಲ್ಲವಳಾಗಿ ನಾನು! ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಹುದೋ ಅಷ್ಟು ಹೇಳಿ ಎಂದರೆ, ಇವಳು "ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ, ಕೊಡ್ಡಾಯಿ, ಸಿಗಡಿ" ಎಂದು ಮಾರ್ಕೆಟ್ಟನ್ನೇ ಸುರಿದಳು.

"ಪ್ರಾಣಿ ಹೇಳಿ, ಮೀನಲ್ಲ" ಎಂದಳಂತೆ ಶ್ರಾವ್ಯ.

"ಮತ್ತೆ ಮೀನು ಎಂತ, ಬಸಳೆ ಹಾಗೆ ಚಪ್ಪರದಲ್ಲಿ ಬೆಳೆಯುದಾ?"

ಶ್ರಾವ್ಯ ಎದ್ದು ಹೋಗಿ ಹಿರಿಯ ಡಾಕ್ಟರನ್ನು ಕೇಳಿಕೊಂಡು ಬಂದಳು. ಮೀನಿಗೂ ಮಾರ್ಕ್ಸ್ ಉಂಟಂತೆ. ಆಮೇಲೆ ಪರದೆಯ ಹಿಂದೆ ನನ್ನ ಸರದಿ. "ಹೇಳಿದ್ದನ್ನೇ ಹೇಳ್ತಾರಾ?" ಎಂದು ಕೇಳಿದ್ದೇ ತಡ, ಸಾವಕಾಶವಾಗಿ, ದೊಡ್ಡ ದನಿಯಲ್ಲಿ, ಬೆಂಚಿಗೆ ಚೆನ್ನಾಗಿ ಕೇಳುವಂತೆ ಸೇಡು ತೀರಿಸಿಕೊಂಡೆ.

ಈಗ ನನ್ನ ಎರಡೂ ಕಿವಿಯಲ್ಲಿ ಪುಟ್ಟ ಮೆಷಿನ್ ಕೂತಿದೆ. ಮೊದಲ ದಿನ ಭಯಂಕರ. ಪೇಪರ್ ಮಗುಚಿದರೆ ತಗಡು ಎಳೆದ ಹಾಗೆ, ಸಾಸಿವೆ ಸಿಡಿದರೆ ದೀಪಾವಳಿ! ನಮ್ಮ ಫ್ರಿಜ್ಜು ಹಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಚ್ಚಿಯ ಹಾಗೆ ಮನೆಯಿಡೀ ಓಡಾಡಿ ನಲ್ಲಿ ಬಿಟ್ಟು, ಸ್ವಿಚ್ಚು ಹಾಕಿ, ಎಲ್ಲದರ ಸದ್ದು ಕೇಳಿದೆ.

ಅದೇ ಸಂಜೆ ಅಡುಗೆಮನೆಯಿಂದ ಗಂಡನ ದನಿ ಬಂತು. "ನಿಂಗೆ ಚಾ ಬೇಕಾ?"

"ಎಂತ ಕೇಳಿದ್ದು ನೀವು?"

"ಚಾ ಬೇಕಾ ಅಂತ. ದಿನಾ ಕೇಳ್ತೇನಲ್ಲ."

"ದಿನಾ?!"

"ರಿಟೈರಾದಾಗಿನಿಂದ. ನೀನು ಮಾತಾಡುದಿಲ್ಲ. ಬೇಡ ಅಂತ ನಾನು ಒಬ್ಬನೇ ಮಾಡಿ ಕುಡಿಯುದು."

ಅಷ್ಟು ಕಾಲವೂ, ಈ ಮನುಷ್ಯ ತನಗೊಬ್ಬನಿಗೇ ಚಾ ಮಾಡಿಕೊಳ್ಳುತ್ತಾನಲ್ಲ ಎಂದು ನಾನು ಒಳಗೊಳಗೆ ಕುದಿಯುತ್ತಿದ್ದೆ. "ಮತ್ತೆ ಆಮೇಲೆ ನಾನು ಪಾತ್ರೆ ಕುಟ್ಟಿಕೊಂಡು ಬೇರೆ ಚಾ ಮಾಡುವಾಗ ಎಂತ ಅಂದುಕೊಂಡ್ರಿ?"

"ನಿಂಗೆ ನನ್ನ ಚಾ ರುಚಿ ಆಗುದಿಲ್ಲ ಅಂತ" ಎಂದರು, ತುಂಬ ಮೆತ್ತಗೆ. ಅದೂ ಕೇಳಿತು.

ಅವರ ಕೈಯ ಚಾ ಕುಡಿದೆ. ಸಕ್ಕರೆ ಜಾಸ್ತಿ, ಆದರೂ ಎರಡು ಲೋಟ ಕುಡಿದೆ. ನಾವಿಬ್ಬರೂ ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ!

ಡಾಕ್ಟರುಗಳು ಅವರ ಕೆಲಸ ಮಾಡುತ್ತಾರೆ. ವರ್ಷ ವರ್ಷ ಕರೆಯುತ್ತಾರೆ, ನಾವು ಹೋಗುತ್ತೇವೆ. ಆದರೆ ಉಳಿದ ಅಷ್ಟೂ ದಿನ ನಾವಿರುವುದು ಮನೆಯಲ್ಲಿ, ಮನೆಯವರ ಕಣ್ಣೆದುರು. ನಿಮ್ಮ ಮನೆಯ ಹೆಂಗಸು ಇತ್ತೀಚೆಗೆ ಯಾವ ಮಾತಿಗೆ ಸುಮ್ಮನಾಗಿದ್ದಾಳೆ, ಗೊತ್ತುಂಟಾ ನಿಮಗೆ?