ವೀಣಾ ಬಳೆ ತೊಡಿಸಿದ್ದು

ಶಿವಮೊಗ್ಗದ ವಿನೋಬನಗರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ವೀಣಾಳಿಗೆ, ಗರ್ಭ ನಿಲ್ಲುವ ದಿನ ತೋರಿಸುವ ಓವ್ಯುಲೇಷನ್ ಕಿಟ್ ಹೇಗೆ ಬಳಸಬೇಕೆಂದು ಹೆಂಗಸರಿಗೆ ತಗ್ಗಿದ ದನಿಯಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಮನೆಯಲ್ಲಿ ತಾನೂ ಅದನ್ನೇ ನೋಡುತ್ತಿದ್ದಳು. ಗೆರೆ ಗಾಢವಾದ ದಿನ ಗಂಡ ಯೋಗೇಶನ ಮೊಬೈಲಿಗೆ, "ಇವತ್ತು ಬೇಗ ಬನ್ನಿ" ಎಂದು ಕಳಿಸುವಳು. ಅವನು ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಫರ್ನೇಸ್ ಮುಂದಿನ ಕೆಲಸ ಬಿಟ್ಟು, ಸೂಪರ್‌ವೈಸರಿಗೆ ಹಲ್ಲುನೋವಿನ ನೆಪ ಹೇಳಿ, ಬೈಕು ಓಡಿಸಿಕೊಂಡು ಬರುವನು.

"ನನ್ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ ಅಂದ್ಕೊಂಡಿದಾರೆ ಮಾರಾಯ್ತಿ" ಎಂದು ಅವನು ನಗಿಸಿದರೂ ಮುಟ್ಟು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ಗರ್ಭ ನಿಲ್ಲಲೆಂದು ಅತ್ತೆ ದಿನಾ ಬೆಳಿಗ್ಗೆ ವೀಣಾಳಿಗೆ ಕಹಿ ಕಷಾಯ ಕಾಯಿಸಿ ಕೊಡುತ್ತಿದ್ದರು.

ಕೊನೆಗೆ ಇಬ್ಬರೂ ಡಾಕ್ಟರ ಬಳಿ ಹೋದರು. ವೀಣಾಳಲ್ಲಿ ಏನೂ ದೋಷ ಕಾಣಲಿಲ್ಲ. ಯೋಗೇಶನ ವೀರ್ಯಾಣು ಮಾತ್ರ ತೀರಾ ಕಡಿಮೆ. ಫರ್ನೇಸಿನ ಕಾವೂ ಕಾರಣವಿರಬಹುದು, ಆ ಜಾಗ ಬಿಟ್ಟು, ಔಷಧಿ ತೆಗೆದುಕೊಂಡು ನೋಡೋಣ ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ತಲೆ ಬಗ್ಗಿಸಿ ಕೂತುಬಿಟ್ಟ.

"ನಾನು ಯಾರಿಗೂ ಹೇಳಲ್ಲ. ಏಳಿ, ಮಸಾಲೆ ದೋಸೆ ತಿನ್ನೋಣ" ಎಂದು ವೀಣಾ ಎಬ್ಬಿಸಿದಳು. ಹೇಳಲೂ ಇಲ್ಲ.

ಅದೇ ತಿಂಗಳು ಭದ್ರಾವತಿಯಲ್ಲಿ ಯೋಗೇಶನ ಚಿಕ್ಕಮ್ಮ ಸಾವಿತ್ರಮ್ಮನ ಮಗಳು ಕವನಳ ಸೀಮಂತ. ಬಳೆ ತೊಡಿಸಲು ವೀಣಾ ಮುಂದೆ ಬಂದಾಗ ಸಾವಿತ್ರಮ್ಮ ತಡೆದರು.

"ನೀನು ಸ್ವಲ್ಪ ನಿಲ್ಲಮ್ಮ. ಮಕ್ಕಳಾದೋರು ಮೊದ್ಲು ತೊಡಿಸ್ಲಿ."

ವೀಣಾ ಹಸಿರು ಬಳೆಗಳನ್ನು ತಟ್ಟೆಗೆ ಹಾಕಿ ಗೋಡೆಯ ಪಕ್ಕಕ್ಕೆ ಸರಿದಳು. ಅತ್ತೆ ತುಂಗಮ್ಮ ಅರಿಶಿನ ಕುಂಕುಮದ ಬಟ್ಟಲು ಸರಿಪಡಿಸತೊಡಗಿದರು. ಊಟಕ್ಕೆ ಬಾಳೆಲೆ ಹಾಕುತ್ತಿದ್ದ ಯೋಗೇಶ ಬಾಗಿಲಿಗೆ ಬಂದು ನಿಂತ.

"ಚಿಕ್ಕಮ್ಮಾ, ವೀಣಾಗೆ ಏನೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ನಂಗೆ. ಔಷಧಿ ತಗೊಳ್ತಿದೀನಿ. ತಡೆಯೋದಾದ್ರೆ ನನ್ನ ತಡೀರಿ."

ಸಾವಿತ್ರಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕವನಳೇ ಕೈ ಚಾಚಿದಳು.

"ಅತ್ತಿಗೆ, ಬನ್ನಿ. ನೀವು ತೊಡಿಸಿದ್ಮೇಲೇ ಬೇರೆಯವ್ರು."

ವೀಣಾಳ ಕಣ್ಣು ಮಂಜಾಗಿ, ಬಳೆ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಕವನ ನಗುತ್ತಾ ಕೈ ಮಡಚಿ ತಾನೇ ಒಳಗೆ ತಳ್ಳಿಕೊಂಡಳು.

ಯೋಗೇಶ ಬೈಕಿನಲ್ಲಿ ಹೊರಟ. ಶಿವಮೊಗ್ಗದ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರೇ. ತುಂಗಮ್ಮ ಸೊಸೆಯತ್ತ ತಿರುಗಿದರು.

"ಅಲ್ಲ ಕಣೇ, ಇಷ್ಟು ದಿನ ಆ ಕಹಿ ಕಷಾಯಾನ ನಿಂಗೆ ಕುಡಿಸ್ದೆ. ಕುಡೀಬೇಕಾದೋನು ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದ. ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿಮಗೆ ಬೇಜಾರಾಗುತ್ತೆ ಅಂತ, ಅತ್ತೆ."

"ಆಗುತ್ತೆ. ಹಾಗಂತ ನೀವಿಬ್ರೇ ನುಂಗ್ಕೊಂಡು ಕೂರೋದಾ? ನಾನೇನು ಹೊರಗಿನೋಳಾ?" ತುಂಗಮ್ಮ ಸೊಸೆಯ ಕೈ ಎಳೆದು ಮಡಿಲಲ್ಲಿಟ್ಟುಕೊಂಡರು. ಮಾಚೇನಹಳ್ಳಿ ದಾಟಿದರೂ ಬಿಡಲಿಲ್ಲ.

ಯೋಗೇಶ ಈಗ ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ. ಮಗು ಇನ್ನೂ ಆಗಿಲ್ಲ. ಡಾಕ್ಟರ ಬಳಿಗೆ ಮೂವರೂ ಹೋಗುತ್ತಾರೆ. ಕಾಯುವಾಗ ತುಂಗಮ್ಮ, ಯಾರೂ ಕೇಳದಿದ್ದರೂ, ಪಕ್ಕದವರಿಗೆ "ನನ್ ಮಗಂದೇ ಸ್ವಲ್ಪ ಕಡಿಮೆ, ಸೊಸೆ ಗಟ್ಟಿಗಿತ್ತಿ" ಎನ್ನುತ್ತಾರೆ. ಯೋಗೇಶ ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತಾನೆ. ವೀಣಾ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಾಳೆ.