ಸೋದರತ್ತೆಯ ಸಾವಿಗೆ ಹಳೆಯ ಚಾಪೆ

ನೆದರ್‌ಲ್ಯಾಂಡ್ಸಿನ ಲೈಡನ್‌ನ ಮನೆಗೆ ಬಂದ ಮೊದಲ ಭಾನುವಾರ ಅಡುಗೆಮನೆಯ ಬಾಗಿಲು ತೆಗೆದರೆ, ಒಬ್ಬ ಹೆಂಗಸು ಚಾಪೆ ಉಟ್ಟುಕೊಂಡು ಮೊಟ್ಟೆ ಬೇಯಿಸುತ್ತಿದ್ದಳು. ಕಪ್ಪು ಸ್ಕರ್ಟಿನ ಮೇಲೆ, ಸೊಂಟಕ್ಕೆ ಸುತ್ತಿ, ಹುರಿಯಿಂದ ಬಿಗಿದ ನಿಜವಾದ ಚಾಪೆ. ಶಿರಾದಿಂದ ನಾನು ತಂದ ಈಚಲು ಚಾಪೆಯನ್ನು ಆಗಷ್ಟೇ ಕೋಣೆಯಲ್ಲಿ ಹಾಸಿ ಬಂದಿದ್ದೆ. ನಮ್ಮಲ್ಲಿ ಚಾಪೆಯ ಮೇಲೆ ಮನುಷ್ಯರಿರುತ್ತಾರೆ. ಇಲ್ಲಿ ಮನುಷ್ಯರ ಮೇಲೆ ಚಾಪೆಯಿತ್ತು.

"ಚರ್ಚಿಗೆ ಹೊರಟಿದ್ದೀನಿ. ಇದಿಲ್ಲದೆ ಹೋದ್ರೆ ಅಮ್ಮನಿಗೆ ಗೊತ್ತಾಗುತ್ತೆ," ಎಂದಳು ಇಂಗ್ಲಿಷಿನಲ್ಲಿ.

"ಅವರೆಲ್ಲಿದ್ದಾರೆ?"

"ಟೋಂಗಾದಲ್ಲಿ. ಆದ್ರೂ ಗೊತ್ತಾಗುತ್ತೆ."

ಅವಳು ಮೆಲೆ, ಆ ಬಾಡಿಗೆ ಮನೆಯ ಇನ್ನೊಂದು ಕೋಣೆಯವಳು. ಪೆಸಿಫಿಕ್ ಸಾಗರದ ನಡುವಿನ ಟೋಂಗಾ ದ್ವೀಪಗಳವಳು, ಇಲ್ಲಿ ಸಮುದ್ರ ಕಾನೂನು ಓದುತ್ತಿದ್ದಳು. ನಾನು ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವವಳು. ಆ ಚಾಪೆಗೆ ತಾಓವಾಲಾ ಎನ್ನುತ್ತಾರೆಂದು ಅವಳೇ ಹೇಳಿಕೊಟ್ಟಳು. ಅವರ ಹಿರಿಯರು ಚಾಪೆ ಹೆಣೆದು, ಅದನ್ನೇ ಹಾಯಿ ಮಾಡಿ ದ್ವೀಪದಿಂದ ದ್ವೀಪಕ್ಕೆ ಹೋದವರು. ಹೀಗೆ ಹೋದವರು ತಿಂಗಳುಗಟ್ಟಲೆ ನೀರಿನ ಮೇಲಿದ್ದು ಚಿಂದಿ ಬಟ್ಟೆಯಲ್ಲಿ ಮರಳಿದಾಗ, ದೊರೆಯ ಮುಂದೆ ಹಾಗೆ ನಿಲ್ಲಲಾಗದೆ ಹಾಯಿಯನ್ನೇ ಕತ್ತರಿಸಿ ಸುತ್ತಿಕೊಂಡರಂತೆ. ಅಂದಿನಿಂದ ಚಾಪೆ ಮರ್ಯಾದೆಯ ಉಡುಪು. ಡಚ್ ಹಡಗುಗಳೂ ನಾಲ್ಕು ಶತಮಾನಗಳ ಹಿಂದೆ ಅಲ್ಲಿಗೆ ಹೋಗಿದ್ದವು. "ಇವ್ರು ನಮ್ಮಲ್ಲಿಗೆ ಹೇಳದೆ ಕೇಳದೆ ಬಂದ್ರು. ನಾನು ಮಾತ್ರ ವೀಸಾ ತಗೊಂಡು ಬಂದಿದ್ದೀನಿ," ಎಂದು ನಗುತ್ತಿದ್ದಳು.

ಕೆಲವೇ ವಾರಗಳಲ್ಲಿ ಕೊರೊನಾ ಬಂತು. ಟೋಂಗಾ ತನ್ನ ಗಡಿ ಮುಚ್ಚಿತು. ಸ್ವಂತ ಮಕ್ಕಳಿಗೂ ತೆರೆಯಲಿಲ್ಲ. ಇಲ್ಲಿಯ ನಿಯಮಗಳಲ್ಲಿ ಹೌಸ್‌ಹೌಡೆನ್ ಎಂಬ ಪದವಿತ್ತು, ಒಂದು ಒಲೆ ಹಂಚಿಕೊಂಡು ಬಾಳುವವರು ಎಂಬ ಅರ್ಥದಲ್ಲಿ. ಹೀಗೆ ಸರ್ಕಾರದ ಲೆಕ್ಕದಲ್ಲಿ ಮೆಲೆ ಮತ್ತು ನಾನು ಒಂದು ಸಂಸಾರವಾದೆವು. ನನ್ನ ಬೇಳೆ ಸಾರಿಗೆ ಅವಳು ತೆಂಗಿನಹಾಲು ಸುರಿಯುವುದನ್ನು ಸಹಿಸಿಕೊಂಡೆ.

ಆ ಸೆಪ್ಟೆಂಬರಿನಲ್ಲಿ ಶಿರಾದಲ್ಲಿ ನಮ್ಮ ತಂದೆ, ಅಬ್ಬಾ, ಹೋದರು. ಮಣ್ಣು ಮಾಡುವುದನ್ನು ಚಿಕ್ಕಪ್ಪನ ಮಗನ ಫೋನಿನಲ್ಲಿ ನೋಡಿದೆ: ನೀಲಿ ಉಡುಪಿನ ನಾಲ್ವರು, ದೂರದಿಂದ. ಆಮೇಲೆ ತೆರೆ ಕಪ್ಪಾಯಿತು. ಮರುದಿನ ಕೆಲಸಕ್ಕೆ ಹೋದೆ.

ಮುಂದಿನ ಫೆಬ್ರುವರಿಯಲ್ಲಿ, ಕಾಲುವೆಗಳು ಹೆಪ್ಪುಗಟ್ಟಿದ್ದ ವಾರ, ಮೆಲೆಯ ಸೋದರತ್ತೆ ತೀರಿಕೊಂಡರು. ಟೋಂಗಾದಲ್ಲಿ ತಂದೆಯ ಅಕ್ಕತಂಗಿಯರು ತಂದೆಗಿಂತ ಮೇಲು. ಅವರ ಸಾವಿನಲ್ಲಿ ಅಣ್ಣತಮ್ಮಂದಿರ ಮಕ್ಕಳದು ಎಲ್ಲರಿಗಿಂತ ಕೆಳಗಿನ ಜಾಗ. ಆ ಜಾಗದವರು ದೊಡ್ಡದಾದ, ಹಳೆಯ, ಅಂಚು ಕಿತ್ತುಹೋದ ಚಾಪೆ ಉಡಬೇಕು. ಮೆಲೆ ಫೋನಿನಲ್ಲೇ ಸೇರಿಕೊಳ್ಳಬೇಕಿತ್ತು, ಆದರೆ ಅವಳ ಬಳಿ ಇದ್ದದ್ದು ಚರ್ಚಿನ ಆ ಒಂದು ನಯವಾದ ಚಾಪೆ ಮಾತ್ರ.

"ಅದನ್ನೇ ಉಟ್ಕೋ. ಎಷ್ಟು ಚೆನ್ನಾಗಿದೆ," ಎಂದೆ.

"ಚೆನ್ನಾಗಿರೋದೇ ತಪ್ಪು. ಅತ್ತೆಗಿಂತ ನಾನು ದೊಡ್ಡವಳು ಅಂದ ಹಾಗಾಗುತ್ತೆ. ಅದಕ್ಕಿಂತ ಫೋನ್ ಆಫ್ ಮಾಡಿ ಕೂರೋದು ವಾಸಿ."

ಮರುದಿನ ಬೆಳಿಗ್ಗೆ ಏಳಕ್ಕೆ, ಅಲ್ಲಿಯ ಸಂಜೆ ಏಳಕ್ಕೆ, ಶವದ ಮುಂದಿನ ಜಾಗರಣೆ ಶುರುವಾಗಲಿತ್ತು. ಮನೆಯಲ್ಲಿ ಇನ್ನೊಂದು ಚಾಪೆ ಇದ್ದದ್ದು ಇಬ್ಬರಿಗೂ ಗೊತ್ತಿತ್ತು. ಅವಳು ಕೇಳಲಿಲ್ಲ. ಕೇಳಿದ್ದರೆ ಇಲ್ಲವೆನ್ನುವುದು ಸುಲಭವಿತ್ತೇನೋ. ಅದು ಅಬ್ಬಾ ಮಧ್ಯಾಹ್ನ ಮಲಗುತ್ತಿದ್ದ ಚಾಪೆ. ಈಗ ನಾನು ಅದರ ಮೇಲೆ ನಮಾಜು ಮಾಡುತ್ತಿದ್ದೆ. ಅಮ್ಮಿಗೆ ಫೋನ್ ಮಾಡಿದೆ. ನಮ್ಮ ಮಾತು ಅರ್ಧ ದಖ್ಖನಿ ಉರ್ದು, ಅರ್ಧ ಕನ್ನಡ.

"ಸಾವಿನ ಮನೆಯವ್ರಿಗೆ ಚಾಪೆ ಕೊಡೋಕೆ ನನ್ನ ಕೇಳ್ಬೇಕಾ ಬೇಟಾ?"

"ಹಾಸೋಕಲ್ಲ ಅಮ್ಮಿ. ಉಟ್ಕೊಳೋಕೆ."

"ಉಟ್ಕೊಳೋಕಾ? ನಮ್ ಬೀದೀಲಿ ಸಾವಾದ್ರೆ ಎಂಟು ಮನೆ ಚಾಪೆ ಹೋಗ್ತಿತ್ತು. ಅದ್ರ ಮೇಲೆ ಕೂತ್ರಾ, ಮಲಗಿದ್ರಾ ಅಂತ ಕೇಳಿದ್ವಾ? ಕೊಡು."

ಚಾಪೆಯ ಒಂದು ಮೂಲೆಯನ್ನು ಇಲಿ ಕಡಿದಿತ್ತು. ನನಗೆ ಅದರ ಬಗ್ಗೆ ನಾಚಿಕೆ. ಮೆಲೆ ಆ ಮೂಲೆಯನ್ನೇ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ತಂದುಕೊಂಡಳು. ಎದೆಯಿಂದ ಮೊಣಕಾಲಿನ ಕೆಳಗಿನವರೆಗೂ ಬಂತು. ಹುರಿ ಬಿಗಿಯುವಾಗ ಗರಿ ಚರಚರ ಎಂದಿತು.

ಬೆಳಿಗ್ಗೆ ಫೋನಿನ ತೆರೆಯಲ್ಲಿ ಹೊಗೆ, ದೊಡ್ಡ ಪಾತ್ರೆಗಳು, ಗೆಣಸು ಸುಲಿಯುವ ಹೆಂಗಸರು. ಗಡಿ ಮುಚ್ಚಿದ ಆ ದ್ವೀಪಗಳಿಗೆ ಕೊರೊನಾ ಹೊಕ್ಕಿರಲಿಲ್ಲ; ಒಬ್ಬರ ಮುಖದ ಮೇಲೂ ಮಾಸ್ಕ್ ಇಲ್ಲ. ಭುಜಕ್ಕೆ ಭುಜ ತಾಗಿಸಿ ಕೂತ ಅಷ್ಟು ಜನರನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ. ಐದು ನಿಮಿಷವಾದರೂ ಶವ ಕಾಣಲಿಲ್ಲ.

"ಫೋನ್ ತಪ್ಪು ಜಾಗದಲ್ಲಿಟ್ಟಿದ್ದಾರೆ. ಒಳಗೆ ತಗೊಂಡು ಹೋಗೋಕೆ ಹೇಳು," ಎಂದೆ.

"ಸರಿಯಾದ ಜಾಗದಲ್ಲೇ ಇದೆ. ಅಣ್ಣತಮ್ಮಂದಿರ ಮಕ್ಕಳು ಅತ್ತೆ ಹತ್ರ ಹೋಗೋ ಹಾಗಿಲ್ಲ. ನಾವು ಹಿಂದೆ ಇದ್ದು ಅಡುಗೆ ಮಾಡ್ಬೇಕು. ನಾನು ಅಲ್ಲಿದ್ದಿದ್ರೂ ಇಷ್ಟೇ ಕಾಣ್ತಿತ್ತು." ಅವಳು ಅಳುತ್ತಿದ್ದಳು; ಮುಖದಲ್ಲಿ ಸಮಾಧಾನವೂ ಇತ್ತು.

ಒಬ್ಬ ಅಜ್ಜಿ ಫೋನಿಗೆ ಮುಖ ಹತ್ತಿರ ತಂದು ಚಾಪೆಯನ್ನು ನೋಡಿ ಏನೋ ಕೇಳಿದರು. ಮೆಲೆ ಫೋನನ್ನು ನನ್ನ ಕಡೆ ತಿರುಗಿಸಿದಳು. "ಹೆಣಿಗೆ ನಮ್ಮದಲ್ಲ, ಯಾರದು ಅಂತಿದ್ದಾರೆ."

"ನಮ್ಮ ಅಬ್ಬಾದು. ಅವರೂ ಹೋದ್ರು, ಸೆಪ್ಟೆಂಬರಲ್ಲಿ."

ಅಜ್ಜಿ ಮತ್ತೆ ಕೇಳಿದರು.

"ಅವತ್ತು ನಿನ್ನ ಜಾಗ ಯಾವುದಿತ್ತು ಅಂತ," ಎಂದಳು ಮೆಲೆ.

ಅಜ್ಜಿ ಕಾದರು, ಆಮೇಲೆ ತಲೆಯಾಡಿಸಿ ಗೆಣಸಿನ ಕಡೆ ಹೋದರು.

ಮಧ್ಯಾಹ್ನ ಅಮ್ಮಿಯನ್ನು ಕೇಳಿದೆ, "ಅಬ್ಬಾ ಹೋದಾಗ ನಾನಲ್ಲಿದ್ದಿದ್ರೆ ಎಲ್ಲಿ ಕೂರ್ತಿದ್ದೆ?"

"ಎಲ್ಲಿ ಅಂದ್ರೆ? ನನ್ನ ಎದುರಿಗೆ."

ನಮ್ಮಲ್ಲಿ ಸಾವಾದ ಮನೆಗೆ ಬಂದವರು ಕುರಾನಿನ ಮೂವತ್ತು ಭಾಗಗಳನ್ನು ಹಂಚಿಕೊಂಡು ಓದುತ್ತಾರೆ. ಕೈಗೊಂದರಂತೆ, ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

"ಯಾರೂ ಬರ್ಲಿಲ್ಲವಲ್ಲ. ಮೂವತ್ತೂ ನಾನೊಬ್ಳೇ ಓದ್ದೆ. ಆರು ದಿನ ಹಿಡೀತು. ನೀನಿದ್ದಿದ್ರೆ ಹದಿನೈದು ನಿನ್ನ ಪಾಲಿಗೆ ಬರ್ತಿತ್ತು."

ಇದನ್ನು ಅವರು ಐದು ತಿಂಗಳಿಂದ ನನಗೆ ಹೇಳಿರಲಿಲ್ಲ.

"ಈಗ ಓದಿದ್ರೆ ಆಗುತ್ತಾ ಅಮ್ಮಿ?"

"ಯಾಕಾಗಲ್ಲ? ಆದ್ರೆ ಮೊದಲಿಂದ ಶುರು ಮಾಡ್ಬೇಡ. ಮೊದಲ್ನೇ ಹದಿನೈದು ನನ್ನದು. ನೀನು ಹದಿನಾರರಿಂದ ಓದು."

ಅವರ ಶೋಕದ ಹತ್ತು ದಿನವೂ ಮೆಲೆ ಚಾಪೆ ಬಿಚ್ಚಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಮ್ಮಿ ಹೇಳಿದ ದಿನವೇ, ಸಂಜೆ, ಬರಿಯ ಹಲಗೆಯ ನೆಲದ ಮೇಲೆ ಕೂತು ಹದಿನಾರನೆಯ ಭಾಗ ತೆರೆದೆ. ಅದಕ್ಕಿಂತ ಮುಂಚಿನದೆಲ್ಲ ಶಿರಾದಲ್ಲಿ, ಅಮ್ಮಿಯ ಬಳಿ ಇತ್ತು.